ಹೈಬ್ರಿಡ್ ಸೂರ್ಯಕಾಂತಿಯ ಹುರುಪು ಎಲ್ಲಿಂದ ಬರುತ್ತದೆ? ಮರುವರ್ಷ ಎಲ್ಲಿಗೆ ಹೋಗುತ್ತದೆ?

ಎರಿ ಹೊಲ
ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪಳ ಕಡೆ, ಎರಿ ಹೊಲ. ಹಿಂಗಾರಿಗೆ ಸೂರ್ಯಪಾನ ಹಾಕುತ್ತೇವೆ. ಪಕ್ಕದ ಹೊಲದ ಕಾಕಾ ಈ ಸಲ ಬೀಜ ಕೊಳ್ಳಲಿಲ್ಲ. ಹೋದ ವರ್ಷದ ಹೈಬ್ರಿಡ್ ರಾಶಿಯಲ್ಲೇ ದಪ್ಪ ಕಾಳು ಆರಿಸಿ ಬಿತ್ತಿದರು. ಮೊಳಕೆ ಚೆನ್ನಾಗಿಯೇ ಬಂತು. ಹೂವಿಗೆ ಬಂದ ಮೇಲೆ ನೋಡಿದರೆ ಹೊಲ ಒಂದೇ ಸಮ ಇಲ್ಲ. ಕೆಲವು ಗಿಡ ಎತ್ತರ, ಕೆಲವು ಗಿಡ್ಡ. ಕೆಲವಕ್ಕೆ ಕೊಂಬೆ ಒಡೆದು ನಾಲ್ಕೈದು ಸಣ್ಣ ತೆನೆ. ಕೆಲವು ತೆನೆಗಳಲ್ಲಿ ಪರಾಗವೇ ಇಲ್ಲ, ಕೈಯಿಂದ ಸವರಿದರೆ ಹಳದಿ ಪುಡಿ ಹತ್ತುವುದಿಲ್ಲ.

ಅಂಗಡಿಯಲ್ಲಿ ಕೇಳಿದರೆ 'ಮತ್ತೆ ಬಿತ್ತಬಾರದು ಅಂತ ಕಂಪನಿಯವರು ಬೀಜದೊಳಗೆ ಏನೋ ಸೇರಿಸಿರುತ್ತಾರೆ' ಎನ್ನುತ್ತಾರೆ. ನನಗೆ ನಂಬಿಕೆ ಬರುತ್ತಿಲ್ಲ. ಇದರ ಹಿಂದಿನ ಜೀನ್ ಲೆಕ್ಕ ಗೊತ್ತಿರುವವರು ಬಿಡಿಸಿ ಹೇಳಿ. ಹೈಬ್ರಿಡ್‌ನ ತಂದೆ-ತಾಯಿ ಗಿಡಗಳು ಬಹಳ ಬಡಕಲು ಅಂತಲೂ ಕೇಳಿದ್ದೇನೆ. ಎರಡು ಬಡಕಲು ಗಿಡ ಕೂಡಿದರೆ ಅಷ್ಟು ಗಟ್ಟಿ ಮಗು ಹೇಗೆ ಹುಟ್ಟುತ್ತದೆ?

ಬೀಜದ ಪ್ಲಾಟ್
ಅಣ್ಣಾ, ಕೊನೆಯ ಮಾತು ನಿಜ. ನಾನು ಸೂರ್ಯಕಾಂತಿ ಬೀಜೋತ್ಪಾದನೆ ಪ್ಲಾಟ್ ಮಾಡುತ್ತೇನೆ. ಹೆಣ್ಣು ಸಾಲಿನ ಗಿಡ ಕುಳ್ಳು, ಎಲೆ ಸಣ್ಣದು. ಗಂಡು ಸಾಲಿನದಕ್ಕೆ ಮೈತುಂಬ ಕೊಂಬೆ, ಒಂದೊಂದು ಕೊಂಬೆಗೂ ಪುಟ್ಟ ತೆನೆ. ಹೊಸಬರು ನೋಡಿದರೆ ಬೆಳೆ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಆದರೆ ಹೆಣ್ಣು ಸಾಲಿನಿಂದ ಸಿಕ್ಕ ಬೀಜ ಬಿತ್ತಿದರೆ ಆಳೆತ್ತರದ ಗಿಡ, ಒಂದೇ ದೊಡ್ಡ ತೆನೆ.

ಬೀಜದೊಳಗೆ ಏನೋ ಸೇರಿಸುತ್ತಾರೆ ಅನ್ನುವುದು ಸುಳ್ಳು. ಬೀಜಕ್ಕೆ ಹೊರಗಿನಿಂದ ಬಣ್ಣ ಮತ್ತು ಔಷಧಿ ಲೇಪ ಇರುತ್ತದೆ, ಅಷ್ಟೇ. ಮತ್ತೆ ಹುಟ್ಟದಂತೆ ಮಾಡುವ ತಂತ್ರಜ್ಞಾನದ ಸೂರ್ಯಕಾಂತಿ ಬೀಜ ಮಾರುಕಟ್ಟೆಯಲ್ಲಿ ಇಲ್ಲ. ಕಾಕಾ ಅವರ ಬೀಜ ಮೊಳೆಯಿತಲ್ಲ, ಅದೇ ಸಾಕ್ಷಿ.

ಪರಾಗ
ತಳಿ ಅಭಿವೃದ್ಧಿ ನನ್ನ ಓದಿನ ವಿಷಯ. ಸ್ವಲ್ಪ ಉದ್ದ ಬರೆಯುತ್ತೇನೆ.

ಪ್ರತಿ ಗಿಡದಲ್ಲಿ ಒಂದೊಂದು ಜೀನ್‌ಗೂ ಎರಡು ಪ್ರತಿ ಇರುತ್ತವೆ. ಒಂದು ತಾಯಿಯದು, ಒಂದು ತಂದೆಯದು. ಸೂರ್ಯಕಾಂತಿ ಜೇನುಹುಳದಿಂದ ಪರಕೀಯ ಪರಾಗ ಪಡೆಯುವ ಬೆಳೆ. ಇಂಥ ಬೆಳೆಗಳಲ್ಲಿ ಕೆಲಸಕ್ಕೆ ಬಾರದ, ಕುಂಟುವ ಪ್ರತಿಗಳು ಬಹಳ ಉಳಿದುಕೊಂಡಿರುತ್ತವೆ. ಜೋಡಿಯಲ್ಲಿ ಒಂದು ಒಳ್ಳೆಯದಿದ್ದರೆ ಕೆಲಸ ನಡೆದುಹೋಗುತ್ತದೆ. ಆದ್ದರಿಂದ ಕೆಟ್ಟದ್ದು ಹೊರಗೆ ಕಾಣುವುದೇ ಇಲ್ಲ, ಪೀಳಿಗೆಯಿಂದ ಪೀಳಿಗೆಗೆ ಸುಮ್ನೆ ಸಾಗುತ್ತಿರುತ್ತದೆ.

ಈಗ ಒಂದು ಗಿಡವನ್ನು ತನ್ನದೇ ಪರಾಗದಿಂದ ಹಲವು ಪೀಳಿಗೆ ಬೆಳೆಸಿದರೆ ಜೋಡಿಯ ಎರಡೂ ಪ್ರತಿ ಒಂದೇ ಆಗುತ್ತಾ ಹೋಗುತ್ತವೆ. ಕೆಲವು ಜಾಗದಲ್ಲಿ ಎರಡೂ ಒಳ್ಳೆಯವು, ಕೆಲವು ಜಾಗದಲ್ಲಿ ಎರಡೂ ಕೆಟ್ಟವು. ಅಲ್ಲಿಯವರೆಗೆ ಅಡಗಿದ್ದ ದೋಷ ಹೊರಗೆ ಬೀಳುತ್ತದೆ. ಗಿಡ ಬಡವಾಗುತ್ತದೆ. ಬೀಜದ ಪ್ಲಾಟ್ ಅಣ್ಣ ಹೇಳಿದ ಬಡಕಲು ಸಾಲುಗಳು ಇವೇ.

ಆದರೆ ಎರಡು ಸಾಲುಗಳ ದೋಷ ಒಂದೇ ಜಾಗದಲ್ಲಿ ಇರುವುದಿಲ್ಲ. ಹೆಣ್ಣು ಸಾಲು ಸೋತಲ್ಲಿ ಗಂಡು ಸಾಲಿನ ಪ್ರತಿ ಕೆಲಸ ಮಾಡುತ್ತದೆ. ಗಂಡು ಸೋತಲ್ಲಿ ಹೆಣ್ಣಿನದು. ಎರಡನ್ನೂ ಕೂಡಿಸಿದಾಗ ಬಹುತೇಕ ಎಲ್ಲ ಜಾಗದಲ್ಲೂ ಕನಿಷ್ಠ ಒಂದು ಒಳ್ಳೆಯ ಪ್ರತಿ ಸಿಗುತ್ತದೆ. ಹೊಸ ಶಕ್ತಿ ಏನೂ ಹುಟ್ಟಲಿಲ್ಲ. ಸ್ವಂತ ಪರಾಗದಿಂದ ಕಳೆದುಕೊಂಡದ್ದು ವಾಪಸ್ ಬಂತು, ಜೊತೆಗೆ ಎರಡೂ ಕಡೆಯ ಒಳ್ಳೆಯದು ಸೇರಿತು. ಇದನ್ನು ಡಾಮಿನೆನ್ಸ್ ಸಿದ್ಧಾಂತ ಎನ್ನುತ್ತಾರೆ. ಡೇವನ್‌ಪೋರ್ಟ್ 1908ರಲ್ಲಿ, ಬ್ರೂಸ್ 1910ರಲ್ಲಿ ಇದನ್ನು ಮುಂದಿಟ್ಟರು.

ಅದೇ 1910ರಲ್ಲಿ ಕೀಬಲ್ ಮತ್ತು ಪೆಲ್ಯೂ ಬಟಾಣಿಯಲ್ಲಿ ಒಂದು ಚಂದದ ಉದಾಹರಣೆ ಕೊಟ್ಟರು. ಎರಡು ತಳಿ, ಎರಡೂ ಐದಾರು ಅಡಿ ಎತ್ತರ. ಒಂದರ ಕಾಂಡ ದಪ್ಪ, ಗೆಣ್ಣಿಂದ ಗೆಣ್ಣಿಗೆ ಅಂತರ ಕಡಿಮೆ. ಇನ್ನೊಂದರ ಕಾಂಡ ಸಣ್ಣ, ಗೆಣ್ಣಿನ ಅಂತರ ಉದ್ದ. ಕೂಡಿಸಿದಾಗ ಬಂದದ್ದು ದಪ್ಪ ಕಾಂಡ ಮತ್ತು ಉದ್ದ ಅಂತರದ ಏಳೆಂಟು ಅಡಿ ಗಿಡ. ಎರಡೇ ಎರಡು ಗುಣ ಸೇರಿದ್ದಕ್ಕೆ ತಂದೆ-ತಾಯಿ ಇಬ್ಬರನ್ನೂ ಮೀರಿ ಬೆಳೆಯಿತು. ಇಳುವರಿಯಲ್ಲಿ ಇಂಥ ಜೀನ್‌ಗಳು ಎಷ್ಟೋ ಇರುತ್ತವೆ.

ನಿಮ್ಮ ಕೊಂಬೆಯ ಗಿಡಗಳಿಗೂ ಉತ್ತರ ಇಲ್ಲೇ ಇದೆ. ಗಂಡು ಸಾಲಿನ ಕೊಂಬೆ ಗುಣ ರಿಸೆಸಿವ್, ಅಂದರೆ ಜೋಡಿಯ ಎರಡೂ ಪ್ರತಿ ಅದೇ ಆಗಿದ್ದರೆ ಮಾತ್ರ ಕಾಣುತ್ತದೆ. ಹೈಬ್ರಿಡ್‌ನಲ್ಲಿ ಒಂದೇ ಪ್ರತಿ ಇರುವುದರಿಂದ ಅಡಗುತ್ತದೆ, ಒಂಟಿ ತೆನೆ ಬರುತ್ತದೆ. ಅದರ ಕಾಳು ಬಿತ್ತಿದರೆ ಸುಮಾರು ನಾಲ್ಕರಲ್ಲಿ ಒಂದು ಗಿಡಕ್ಕೆ ಎರಡೂ ಪ್ರತಿ ಕೂಡಿ ಕೊಂಬೆ ಒಡೆಯುತ್ತದೆ.

ಎರಿ ಹೊಲ
ಮೇಡಂ, ಬಹಳ ಚೆನ್ನಾಗಿ ಅರ್ಥ ಆಯಿತು. ಹಾಗಾದರೆ ಒಂದು ಪ್ರಶ್ನೆ. ಒಳ್ಳೆಯ ಪ್ರತಿಗಳನ್ನೇ ಎಲ್ಲ ಜಾಗದಲ್ಲಿ ಸೇರಿಸಿ ಒಂದು ಶುದ್ಧ ತಳಿ ಮಾಡಿಬಿಡಬಹುದಲ್ವಾ? ಆಗ ನಾವು ಪ್ರತಿ ವರ್ಷ ಬೀಜಕ್ಕೆ ದುಡ್ಡು ಕೊಡುವುದು ತಪ್ಪುತ್ತದೆ.

ಪರಾಗ
ನೂರು ವರ್ಷದ ಹಿಂದೆ ವಿಜ್ಞಾನಿಗಳೂ ಇದೇ ಪ್ರಶ್ನೆ ಕೇಳಿದರು. ತಡೆ ಇರುವುದು ಲೆಕ್ಕದಲ್ಲಿ. ಎರಡು ಸಾಲುಗಳ ನಡುವೆ 30 ಜೀನ್‌ಗಳಲ್ಲಿ ವ್ಯತ್ಯಾಸ ಇದೆ ಎಂದಿಟ್ಟುಕೊಳ್ಳಿ. ಅವುಗಳ ಸಂಕರದಿಂದ ತೆಗೆದ ಶುದ್ಧ ಸಾಲಿನಲ್ಲಿ ಮೂವತ್ತೂ ಕಡೆ ಒಳ್ಳೆಯದೇ ಬರುವ ಸಾಧ್ಯತೆ ಸುಮಾರು 107 ಕೋಟಿಯಲ್ಲಿ ಒಂದು. ಅಷ್ಟು ಗಿಡ ಬೆಳೆಸಿ ಯಾರು ಆರಿಸಲು ಸಾಧ್ಯ? ಇಳುವರಿಗೆ ಸಂಬಂಧಿಸಿದ ಜೀನ್‌ಗಳು ಮೂವತ್ತಕ್ಕಿಂತ ಬಹಳ ಜಾಸ್ತಿ.

ಇನ್ನೊಂದು ತೊಡಕು ಇದೆ. ಜೀನ್‌ಗಳು ಬಿಡಿಬಿಡಿಯಾಗಿ ಇರುವುದಿಲ್ಲ, ಕ್ರೋಮೋಸೋಮಿನ ಮೇಲೆ ಸಾಲಾಗಿ ಕೂತಿರುತ್ತವೆ. ಸೂರ್ಯಕಾಂತಿಯಲ್ಲಿ 17 ಜೋಡಿ ಕ್ರೋಮೋಸೋಮ್. ಒಂದು ಒಳ್ಳೆಯ ಜೀನ್‌ನ ಮಗ್ಗುಲಲ್ಲೇ ಕೆಟ್ಟದ್ದು ಇದ್ದರೆ ಎರಡೂ ಒಟ್ಟಿಗೇ ಮುಂದಿನ ಪೀಳಿಗೆಗೆ ಹೋಗುತ್ತವೆ. ಇದನ್ನು 1917ರಲ್ಲಿ ಜೋನ್ಸ್ ತೋರಿಸಿದರು.

ಇದರಿಂದಲೇ ಒಂದು ಗೊಂದಲವೂ ಹುಟ್ಟಿತು. ಶಲ್ ಮತ್ತು ಈಸ್ಟ್ 1908ರಲ್ಲಿ ಮೆಕ್ಕೆಜೋಳ ನೋಡಿ, ಬೇರೆ ಬೇರೆ ಪ್ರತಿಗಳು ಕೂಡುವುದರಲ್ಲೇ ಏನೋ ಲಾಭ ಇದೆ ಎಂದಿದ್ದರು. ಅಂದರೆ ಒಳ್ಳೆ-ಒಳ್ಳೆ ಜೋಡಿಗಿಂತ ಬೇರೆ-ಬೇರೆ ಜೋಡಿಯೇ ಮೇಲು. ಇದು ಓವರ್‌ಡಾಮಿನೆನ್ಸ್. ಟೊಮ್ಯಾಟೊದಲ್ಲಿ ಎಸ್‌ಎಫ್‌ಟಿ ಎಂಬ ಹೂ ಬಿಡಿಸುವ ಜೀನ್ ಒಂದೇ ಹೀಗೆ ಇಳುವರಿ ಏರಿಸುತ್ತದೆ ಎಂದು 2010ರಲ್ಲಿ ಸಿಕ್ಕಿತು. ಹಾಗಾಗಿ ಇದು ಬರೀ ಕಲ್ಪನೆ ಅಲ್ಲ. ಆದರೆ ಬಹಳ ಕಡೆ ಓವರ್‌ಡಾಮಿನೆನ್ಸ್‌ನಂತೆ ಕಾಣುವುದು ಒಳಗೆ ಹೋಗಿ ನೋಡಿದರೆ ಮಗ್ಗುಲುಮಗ್ಗುಲಾಗಿ ಕೂತ ಎರಡು ಜೀನ್‌ಗಳ ಕೆಲಸ ಆಗಿರುತ್ತದೆ. ಒಂದು ಸಾಲಿನಲ್ಲಿ ಮೊದಲನೆಯದು ಒಳ್ಳೆಯದು, ಇನ್ನೊಂದರಲ್ಲಿ ಎರಡನೆಯದು. ಮೆಕ್ಕೆಜೋಳದಲ್ಲಿ ಹಲವು ಪೀಳಿಗೆ ಪರಸ್ಪರ ಕೂಡಿಸಿ ಆ ನಂಟು ಬಿಡಿಸಿದಾಗ ಓವರ್‌ಡಾಮಿನೆನ್ಸ್‌ನ ಅಂದಾಜು ಇಳಿಯಿತು. ನನ್ನ ಮಟ್ಟಿಗೆ ಸೂರ್ಯಕಾಂತಿಯ ಹುರುಪಿನ ದೊಡ್ಡ ಪಾಲು ದೋಷ ಮುಚ್ಚುವುದರಿಂದಲೇ ಬರುತ್ತದೆ.

2019ರಲ್ಲಿ ಬಂದ ಸೂರ್ಯಕಾಂತಿ ಪ್ಯಾನ್‌ಜೀನೋಮ್, ಅಂದರೆ ಹಲವು ತಳಿಗಳ ಎಲ್ಲ ಜೀನ್‌ಗಳನ್ನು ಒಟ್ಟು ಮಾಡಿ ನೋಡುವ, ಅಧ್ಯಯನ ಇದಕ್ಕೆ ಹೊಸ ಬೆಳಕು ಕೊಟ್ಟಿತು. ಸುಮಾರು ಐನೂರು ಗಿಡಗಳ ಡಿಎನ್‌ಎ ಓದಿದಾಗ ಒಟ್ಟು ಜೀನ್‌ಗಳಲ್ಲಿ ಕಾಲುಭಾಗಕ್ಕೂ ಜಾಸ್ತಿ ಕೆಲವು ತಳಿಗಳಲ್ಲಿ ಮಾತ್ರ ಇವೆ ಎಂದು ತಿಳಿಯಿತು. ಒಂದರಲ್ಲಿ ಇವೆ, ಇನ್ನೊಂದರಲ್ಲಿ ಕಾಣೆ. ಕುಂಟುವ ಪ್ರತಿ ಮಾತ್ರವಲ್ಲ, ಪೂರ್ತಿ ಖಾಲಿ ಜಾಗಗಳೂ ಇವೆ. ಹೈಬ್ರಿಡ್‌ನಲ್ಲಿ ಅವು ಕೂಡ ಭರ್ತಿ ಆಗುತ್ತವೆ.

ಪ್ರೇರಿ ಕನ್ನಡಿಗ
ನಾನು ಕೆನಡಾದ ಸಸ್ಕಾಚೆವಾನ್‌ನಲ್ಲಿ ಕೆನೋಲಾ ಬೀಜದ ಕೆಲಸ ಮಾಡುತ್ತೇನೆ. ಸಾಸಿವೆಯ ಬಳಗದ ಎಣ್ಣೆಕಾಳು ಅದು. ಇಲ್ಲಿ ಈಗ ಬಹುತೇಕ ಎಲ್ಲ ಹೊಲವೂ ಹೈಬ್ರಿಡ್. ಪರಾಗ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಕೆನೋಲಾದಲ್ಲಿ ದೋಷ ಮುಚ್ಚುವುದು ಪೂರ್ತಿ ಕಥೆ ಅಲ್ಲ. 2008ರಲ್ಲಿ ಜರ್ಮನಿಯ ಗಟಿಂಗನ್ ತಂಡ ಇಳುವರಿಯ ಹುರುಪನ್ನು ಜೀನ್ ನಕ್ಷೆಯ ಮೇಲೆ ಹುಡುಕಿತು. ಡಾಮಿನೆನ್ಸ್, ಓವರ್‌ಡಾಮಿನೆನ್ಸ್ ಎರಡೂ ಕಂಡವು. ಜೊತೆಗೆ ಎಪಿಸ್ಟಾಸಿಸ್, ಅಂದರೆ ಬೇರೆ ಬೇರೆ ಜಾಗದ ಜೀನ್‌ಗಳು ಒಂದರ ಮೇಲೊಂದು ಬೀರುವ ಪ್ರಭಾವ, ದೊಡ್ಡದಾಗಿಯೇ ಇತ್ತು. ಅದೇ ಗಟಿಂಗನ್‌ನಲ್ಲಿ 1914ರಲ್ಲಿ ಶಲ್ ಈ ಹುರುಪಿಗೆ ಹೆಟಿರೋಸಿಸ್ ಎಂಬ ಹೆಸರನ್ನು ಮೊದಲ ಸಲ ಮುಂದಿಟ್ಟಿದ್ದರು. ಅದನ್ನು ನೆನೆದರೆ ನನಗೆ ಖುಷಿ ಆಗುತ್ತದೆ.

ಕೆನೋಲಾ ಹೀಗೆ ಇರುವುದಕ್ಕೆ ಕಾರಣ ಇದೆ. ಅದು ಮೊದಲೇ ಎರಡು ಜಾತಿ ಕೂಡಿ ಹುಟ್ಟಿದ ಗಿಡ. ಒಂದು ಟರ್ನಿಪ್‌ನ ಜಾತಿ, ಇನ್ನೊಂದು ಎಲೆಕೋಸಿನ ಜಾತಿ. ಎರಡರ ಕ್ರೋಮೋಸೋಮ್‌ಗಳೂ ಅದರಲ್ಲಿ ಕಾಯಂ ಇವೆ. ನಮ್ಮ ಒಗ್ಗರಣೆಯ ರಾಯಿ ಸಾಸಿವೆಯೂ ಹೀಗೆಯೇ, ಟರ್ನಿಪ್ ಜಾತಿ ಮತ್ತು ಕಪ್ಪು ಸಾಸಿವೆಯಿಂದ ಬಂದದ್ದು. ಒಂದು ರೀತಿಯಲ್ಲಿ ಇವು ಹುಟ್ಟಾ ಹೈಬ್ರಿಡ್‌ಗಳು. ಸ್ವಂತ ಪರಾಗದಿಂದ ಬೆಳೆಸಿದರೂ ಆ ಎರಡು ಮೂಲಗಳ ವ್ಯತ್ಯಾಸ ಅಳಿಯುವುದಿಲ್ಲ.

ಮಳೆಯಾಶ್ರಯ
ಹಾಗಾದರೆ ಶೇಂಗಾ? ನಮ್ಮ ಚಳ್ಳಕೆರೆ ಕಡೆ ಅದೇ ಜೀವನ. ಶೇಂಗಾದಲ್ಲಿ ಹೈಬ್ರಿಡ್ ಯಾಕೆ ಇಲ್ಲ?

ಪ್ರೇರಿ ಕನ್ನಡಿಗ
ಶೇಂಗಾ ಕೂಡ ಹುಟ್ಟಾ ಹೈಬ್ರಿಡ್ಡೇ. ದಕ್ಷಿಣ ಅಮೆರಿಕದ ಎರಡು ಕಾಡು ಜಾತಿಗಳು ಕೂಡಿ ಬಂದದ್ದು, 40 ಕ್ರೋಮೋಸೋಮ್. ಆದ್ದರಿಂದ ಒಂದಿಷ್ಟು ಲಾಭ ಮೊದಲೇ ಕಾಯಂ ಆಗಿದೆ.

ಇನ್ನಷ್ಟು ಬೇಕೆಂದರೆ ಅಡ್ಡಿ ಇರುವುದು ಹೂವಿನಲ್ಲಿ. ಶೇಂಗಾ ಹೂ ಅರಳುವಷ್ಟರಲ್ಲಿ ಒಳಗೇ ಪರಾಗಸ್ಪರ್ಶ ಮುಗಿದಿರುತ್ತದೆ. ಕೈಯಿಂದ ಒಂದು ಹೂ ಕೂಡಿಸಿದರೆ ಸಿಗುವುದು ಒಂದೆರಡು ಕಾಳು. ಬಿತ್ತನೆಗೆ ಹೆಕ್ಟೇರಿಗೆ ನೂರು ಕಿಲೋಗೂ ಜಾಸ್ತಿ ಬೀಜ ಬೇಕು. ಸೂರ್ಯಕಾಂತಿಗೆ ಐದಾರು ಕಿಲೋ ಸಾಕು. ಹೈಬ್ರಿಡ್ ಶೇಂಗಾ ಬೀಜದ ಬೆಲೆ ಯಾರಿಗೂ ಎಟಕುವುದಿಲ್ಲ. ಅದಕ್ಕೇ ಶೇಂಗಾದಲ್ಲಿ ತಳಿಯನ್ನೇ ಸುಧಾರಿಸುತ್ತಾರೆ. ಧಾರವಾಡದ ಜಿಪಿಬಿಡಿ-4 ನೋಡಿ. ಅದರ ಎಲೆಚುಕ್ಕೆ ಮತ್ತು ತುಕ್ಕು ರೋಗ ತಡೆಯುವ ಗುಣ ಕಾಡು ಶೇಂಗಾದಿಂದ ಬಂದದ್ದು. ಬೀಜ ಮನೆಯಲ್ಲೇ ಇಟ್ಟುಕೊಳ್ಳಬಹುದು.

ಔಡಲ
ಔಡಲದ ಕಥೆ ಬೇರೆ. ಅದು ಪರಾಗ ಹೊರಗಿನಿಂದ ಪಡೆಯುವ ಬೆಳೆಯಾದರೂ, ಸ್ವಂತ ಪರಾಗದಿಂದ ಬೆಳೆಸಿದಾಗ ಸೂರ್ಯಕಾಂತಿಯಷ್ಟು ಬಡವಾಗುವುದಿಲ್ಲ. ಆದರೂ ದೂರದ ಸಾಲುಗಳನ್ನು ಕೂಡಿಸಿದರೆ ಹುರುಪು ಕಾಣುತ್ತದೆ. ಔಡಲದಲ್ಲಿ ಪರಾಗವಿಲ್ಲದ ಗಂಡು ಹೂ ಹುಡುಕಬೇಕಾಗಿಲ್ಲ, ಬರೀ ಹೆಣ್ಣು ಹೂವೇ ಬಿಡುವ ಸಾಲುಗಳಿವೆ. ಅಮೆರಿಕದ ಟೆಕ್ಸಾಸ್‌ನಿಂದ ಬಂದ ಅಂಥ ಸಾಲಿನಿಂದ ಗುಜರಾತಿನಲ್ಲಿ ಜಿಸಿಎಚ್-3 ಮಾಡಿದರು. 1968ರಲ್ಲಿ ಬಂದ ಅದು ಭಾರತದ ಮೊದಲ ವಾಣಿಜ್ಯ ಔಡಲ ಹೈಬ್ರಿಡ್. ಸೆಕೆ ಜಾಸ್ತಿ ಆದರೆ ಈ ಹೆಣ್ಣು ಸಾಲಿನಲ್ಲಿ ನಡುನಡುವೆ ಗಂಡು ಹೂ ಬಿಡುತ್ತವೆ. ಬೀಜ ಬೆಳೆಯುವವರಿಗೆ ತಲೆನೋವು. ಆದರೆ ಆ ಸಾಲನ್ನು ಉಳಿಸಿಕೊಳ್ಳಲು ಅದೇ ಹೂಗಳು ಬೇಕು.

ಬೀಜದ ಪ್ಲಾಟ್
ಸೂರ್ಯಕಾಂತಿಯಲ್ಲಿ ಒಂದೇ ತೆನೆಯಲ್ಲಿ ನೂರಾರು ಪುಟ್ಟ ಹೂ, ಒಂದೊಂದರಲ್ಲೂ ಗಂಡು-ಹೆಣ್ಣು ಎರಡೂ. ಕೈಯಿಂದ ಗಂಡು ಭಾಗ ಕೀಳಲು ಆಗುವುದಿಲ್ಲ. ಆದ್ದರಿಂದ ಗಂಡು ಬಂಜೆ, ಅಂದರೆ ಪರಾಗ ಬಿಡದ, ಸಾಲು ಸಿಗುವವರೆಗೆ ನಮ್ಮ ಕೆಲಸ ಇರಲೇ ಇಲ್ಲ. ಈ ಬಂಜೆತನವೇ ಹುರುಪಿಗೆ ಕಾರಣ ಎಂದು ಕೆಲವರು ಹೇಳುವುದನ್ನು ಕೇಳಿದ್ದೇನೆ. ಅದು ಸರಿಯಾ ಮೇಡಂ?

ಪರಾಗ
ಇಲ್ಲ ಅಣ್ಣಾ. ಬಂಜೆತನ ಬೀಜ ಮಾಡುವ ಸಾಧನ ಮಾತ್ರ. ಹುರುಪು ಬರುವುದು ಸಾಲುಗಳ ನಡುವಿನ ವ್ಯತ್ಯಾಸದಿಂದ. ಒಂದೇ ಥರದ ಎರಡು ಸಾಲನ್ನು ಬಂಜೆ ಮಾಡಿ ಕೂಡಿಸಿದರೂ ಏನೂ ಸಿಗುವುದಿಲ್ಲ.

1969ರಲ್ಲಿ ಫ್ರಾನ್ಸಿನ ಲೆಕ್ಲೆರ್ಕ್ ಕಾಡು ಜಾತಿಯಾದ ಹೀಲಿಯಾಂತಸ್ ಪೆಟಿಯೊಲಾರಿಸ್ ಅನ್ನು ತಾಯಿಯಾಗಿಟ್ಟು ಬೆಳೆಯುವ ಸೂರ್ಯಕಾಂತಿಯ ಜೊತೆ ಕೂಡಿಸುತ್ತಾ ಹೋದಾಗ ಪರಾಗವಿಲ್ಲದ ಗಿಡ ಸಿಕ್ಕಿತು. ದೋಷ ಇರುವುದು ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾದಲ್ಲಿ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗದಲ್ಲಿ. ಮರುವರ್ಷ ಅಮೆರಿಕದ ಕಿನ್‌ಮನ್ ಪರಾಗವನ್ನು ಮತ್ತೆ ಬರಿಸುವ ಜೀನ್ ಹುಡುಕಿದರು. ಹೆಣ್ಣು ಸಾಲಿಗೆ ಬಂಜೆತನ, ಗಂಡು ಸಾಲಿಗೆ ಅದನ್ನು ಸರಿಪಡಿಸುವ ಜೀನ್. ಇವೆರಡೂ ಕೂಡಿದ ಮೇಲೆ ಜಗತ್ತಿನ ಸೂರ್ಯಕಾಂತಿ ಬೇಸಾಯವೇ ಬದಲಾಯಿತು.

ಭಾರತದಲ್ಲಿ ಇದನ್ನು ಮೊದಲು ಹೊಲಕ್ಕೆ ತಂದದ್ದು ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ. 1980ರ ಬಿಎಸ್‌ಎಚ್-1 ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್. ಸಿಎಂಎಸ್ 234ಎ ಎಂಬ ಬಂಜೆ ಸಾಲು ತಾಯಿ, ಆರ್‌ಎಚ್‌ಎ 274 ಎಂಬ ಸಾಲು ತಂದೆ. ಅದೇ ತಾಯಿಗೆ 6ಡಿ-1 ಎಂಬ ತಂದೆ ಕೂಡಿಸಿ ಕೆಬಿಎಸ್‌ಎಚ್-1 ಬಂತು. ಅದಕ್ಕೂ ಮುಂಚೆ ನಮ್ಮ ರೈತರು ರಷ್ಯಾದಿಂದ ಬಂದ ತಳಿಗಳನ್ನು, ಆಮೇಲೆ ಕೆನಡಾ ಮೂಲದ ಗಿಡ್ಡ ತಳಿ ಮಾರ್ಡೆನ್ ಅನ್ನು ಬೆಳೆಯುತ್ತಿದ್ದರು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಆ ಕೆಲಸಕ್ಕೆ ಸಿಗಬೇಕಾದಷ್ಟು ಹೆಸರು ಸಿಕ್ಕಿಲ್ಲ ಎಂಬುದು ನನ್ನ ಬಲವಾದ ಅಭಿಪ್ರಾಯ.

ಎರಿ ಹೊಲ ಅಣ್ಣಾ, ನಿಮ್ಮ ಪರಾಗವಿಲ್ಲದ ತೆನೆಗಳಿಗೂ ಇದೇ ಕಾರಣ. ಹೈಬ್ರಿಡ್ ಗಿಡದ ಮೈಟೊಕಾಂಡ್ರಿಯಾ ಬಂಜೆ ತಾಯಿಯದು. ಸರಿಪಡಿಸುವ ಜೀನ್ ಒಂದು ಪ್ರತಿ ಮಾತ್ರ, ತಂದೆಯಿಂದ. ಮುಂದಿನ ಪೀಳಿಗೆಯಲ್ಲಿ ಸುಮಾರು ಕಾಲುಭಾಗ ಗಿಡಗಳಿಗೆ ಆ ಪ್ರತಿ ಸಿಗುವುದಿಲ್ಲ. ಅವು ಬಂಜೆ. ಜೇನುಹುಳ ಚೆನ್ನಾಗಿದ್ದರೆ ಪಕ್ಕದ ಗಿಡದ ಪರಾಗದಿಂದ ಕಾಳು ಕಟ್ಟುತ್ತವೆ. ಇಲ್ಲದಿದ್ದರೆ ಜೊಳ್ಳು.

ಎರಿ ಹೊಲ
ಇಳುವರಿ ಎಷ್ಟು ಇಳಿಯುತ್ತದೆ ಎಂದು ಲೆಕ್ಕ ಹಾಕಬಹುದಾ? ಮತ್ತೆ ಮತ್ತೆ ಅದೇ ಬೀಜ ಇಟ್ಟರೆ ಪೂರ್ತಿ ಹೋಗುತ್ತದಾ?

ಪರಾಗ
ಲೆಕ್ಕಕ್ಕೆ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಂದು ಸಾಲು ಎಕರೆಗೆ 2 ಕ್ವಿಂಟಲ್, ಇನ್ನೊಂದು 3, ಹೈಬ್ರಿಡ್ 7. ತಂದೆ-ತಾಯಿ ಸರಾಸರಿ ಎರಡೂವರೆ. ಹೈಬ್ರಿಡ್‌ನಲ್ಲಿ ಜಾಸ್ತಿ ಬಂದದ್ದು ನಾಲ್ಕೂವರೆ. ಅದರ ಕಾಳು ಬಿತ್ತಿದಾಗ ಬೇರೆ-ಬೇರೆ ಪ್ರತಿ ಇರುವ ಜೋಡಿಗಳು ಅರ್ಧ ಆಗುತ್ತವೆ, ಆ ಹೆಚ್ಚುವರಿಯೂ ಅರ್ಧ ಆಗುತ್ತದೆ. ಉಳಿಯುವುದು ಸುಮಾರು ನಾಲ್ಕೂಮುಕ್ಕಾಲು ಕ್ವಿಂಟಲ್. ಬಂಜೆ ಗಿಡ, ಹಿಂದೆಮುಂದೆ ಹೂ ಬಿಡುವುದು, ಕೊಯ್ಲಿನ ತೊಂದರೆ ಇದರ ಮೇಲೆ.

ಆಮೇಲಿನ ವರ್ಷಗಳಲ್ಲಿ ಪ್ರತಿ ಸಲ ಅರ್ಧ ಆಗುತ್ತಾ ಹೋಗುವುದಿಲ್ಲ. ಜೇನುಹುಳ ಹೊಲದ ತುಂಬ ಪರಾಗ ಬೆರೆಸುತ್ತಿದ್ದರೆ ಆ ಮಟ್ಟದ ಹತ್ತಿರವೇ ನಿಲ್ಲುತ್ತದೆ. ಸ್ವಂತ ಪರಾಗದಿಂದ ಕಾಳು ಕಟ್ಟುವ ಗಿಡ ಜಾಸ್ತಿ ಇದ್ದಷ್ಟೂ ಇನ್ನೂ ಇಳಿಯುತ್ತದೆ.

ದಪ್ಪ ಕಾಳು ಆರಿಸಿದರೂ ಈ ಹಂಚಿಕೆ ತಪ್ಪುವುದಿಲ್ಲ ಎಂದು ಕಾಕಾ ಅವರಿಗೆ ಹೇಳಿ. ಕಾಳಿನ ಸಿಪ್ಪೆ ತಾಯಿ ಗಿಡದ ಭಾಗ, ಎಲ್ಲ ಒಂದೇ ಥರ. ಒಳಗಿನ ಬೇಳೆ ಮುಂದಿನ ಪೀಳಿಗೆ.

ಗಾಣ
ನಾನು ಎಣ್ಣೆ ಗಾಣ ನಡೆಸುತ್ತೇನೆ. ಅಂದರೆ ನನ್ನ ಬಳಿ ಬರುವ ಹೈಬ್ರಿಡ್ ಕಾಳೇ ಎರಡನೇ ಪೀಳಿಗೆ ಅಂತಾಯಿತಲ್ವಾ? ಎಣ್ಣೆಗೂ ಹುರುಪು ಇರುತ್ತದಾ?

ಪರಾಗ
ಹೌದು, ನೀವು ಹಿಂಡುವುದು ಎರಡನೇ ಪೀಳಿಗೆಯನ್ನೇ. ಹುರುಪು ಜಾಸ್ತಿ ಕಾಣುವುದು ಕಾಳಿನ ಇಳುವರಿಯಲ್ಲಿ. ಶೇಕಡಾ ಎಣ್ಣೆ ಮಾತ್ರ ತಂದೆ-ತಾಯಿಯ ಸರಾಸರಿಯಿಂದ ಅಷ್ಟು ದೂರ ಹೋಗುವುದಿಲ್ಲ. ಆದ್ದರಿಂದ ಎಣ್ಣೆ ಬೇಕಾದರೆ ಎರಡೂ ಸಾಲುಗಳಲ್ಲಿ ಮೊದಲೇ ಎಣ್ಣೆ ಇರಬೇಕು. ಹೈ ಓಲೀಕ್, ಅಂದರೆ ಎಣ್ಣೆಯಲ್ಲಿ ಓಲೀಕ್ ಆಮ್ಲ ಜಾಸ್ತಿ ಇರುವ, ಸೂರ್ಯಕಾಂತಿಯಲ್ಲೂ ಹೀಗೆ. ರಷ್ಯಾದಲ್ಲಿ ಸೋಲ್ಡಾಟೊವ್ 1976ರಲ್ಲಿ ವರದಿ ಮಾಡಿದ ಆ ಗುಣ ಒಂದೇ ಕಡೆಯಿಂದ ಬಂದರೆ ರಾಶಿಯೊಳಗೆ ಕಾಳಿಗೊಂದು ಥರ ಹಂಚಿಹೋಗುತ್ತದೆ. ಎರಡೂ ಕಡೆ ಇದ್ದರೆ ಮಾತ್ರ ನಿಮ್ಮ ಎಣ್ಣೆ ಒಂದೇ ಸಮ ಬರುತ್ತದೆ.

ಭದ್ರಾ ನಾಲೆ
ನಮ್ಮಲ್ಲಿ ಎಣ್ಣೆ ತಾಳೆ ಇದೆ. ಸಸಿ ಕೊಡುವಾಗ ಟೆನೆರಾ ಹೈಬ್ರಿಡ್ ಎನ್ನುತ್ತಾರೆ. ಅದೂ ಇದೇ ಲೆಕ್ಕವೇ?

ಪರಾಗ
ತಾಳೆಯಲ್ಲಿ ಮುಖ್ಯ ಲಾಭ ಒಂದೇ ಜೀನ್‌ನದು! ದಪ್ಪ ಚಿಪ್ಪಿನ ಡ್ಯೂರಾ, ಚಿಪ್ಪೇ ಇಲ್ಲದ ಪಿಸಿಫೆರಾ. ಪಿಸಿಫೆರಾ ಸಾಮಾನ್ಯವಾಗಿ ಹಣ್ಣು ಕಟ್ಟುವುದಿಲ್ಲ, ಹಾಗಾಗಿ ಅದನ್ನು ತಂದೆಯಾಗಿ ಬಳಸುತ್ತಾರೆ. ಎರಡೂ ಕೂಡಿದ ಟೆನೆರಾದಲ್ಲಿ ಚಿಪ್ಪು ತೆಳು, ತಿರುಳು ಜಾಸ್ತಿ, ಎಣ್ಣೆ ಡ್ಯೂರಾಕ್ಕಿಂತ ಸುಮಾರು ಶೇ. 30 ಜಾಸ್ತಿ. ಬೆಲ್ಜಿಯನ್ ಕಾಂಗೋದಲ್ಲಿ ಕೆಲಸ ಮಾಡಿದ ಬೇರ್ನಾರ್ಟ್ ಮತ್ತು ವಾಂಡರ್‌ವೈಯನ್ 1941ರಲ್ಲಿ ಈ ಅನುವಂಶಿಕತೆ ಬಿಡಿಸಿದರು. ಶೆಲ್ ಎಂಬ ಆ ಜೀನ್ 2013ರಲ್ಲಿ ಕೈಗೆ ಸಿಕ್ಕಿತು. ಟೆನೆರಾ ಹಣ್ಣಿನ ಬೀಜ ನೆಟ್ಟರೆ ನಾಲ್ಕರಲ್ಲಿ ಒಂದು ಮರ ಪಿಸಿಫೆರಾ ಆಗಬಹುದು. ವರ್ಷಗಟ್ಟಲೆ ನೀರು ಹಾಕಿದ ಮೇಲೆ ಅದು ತಿಳಿಯುತ್ತದೆ. ದಯವಿಟ್ಟು ತೋಟದ ಬೀಜದಿಂದ ಸಸಿ ಮಾಡಬೇಡಿ.

ಎರಿ ಹೊಲ
ಕೊನೆಯದಾಗಿ, ಅಂಗಡಿಯಲ್ಲಿ ಬೀಜ ಆರಿಸುವಾಗ ಏನು ನೋಡಬೇಕು? ಎಲ್ಲ ಪೊಟ್ಟಣದ ಮೇಲೂ 'ಇಳುವರಿ ಜಾಸ್ತಿ' ಎಂದೇ ಇರುತ್ತದೆ.

ಬೀಜದ ಪ್ಲಾಟ್
ಯಾವುದಕ್ಕಿಂತ ಜಾಸ್ತಿ ಎಂದು ಕೇಳಿ ಅಣ್ಣಾ. ಬಡಕಲು ತಂದೆ-ತಾಯಿಗಿಂತ ಜಾಸ್ತಿ ಎನ್ನುವುದರಿಂದ ನಿಮಗೆ ಉಪಯೋಗ ಇಲ್ಲ. ನಿಮ್ಮ ಭಾಗದಲ್ಲಿ ಈಗ ಬೆಳೆಯುತ್ತಿರುವ ಒಳ್ಳೆಯ ಹೈಬ್ರಿಡ್‌ಗಿಂತ ಜಾಸ್ತಿ ಬಂದಿದೆಯಾ, ಹಿಂಗಾರಿನಲ್ಲಿ ಬಂದಿದೆಯಾ, ಅದು ಮುಖ್ಯ.

ಪರಾಗ
ಅದರ ಜೊತೆಗೆ ರೋಗದ ಬಗ್ಗೆ ಕೇಳಿ. ಹುರುಪು ಇದ್ದ ಮಾತ್ರಕ್ಕೆ ರೋಗ ಬರುವುದಿಲ್ಲ ಎಂದಲ್ಲ. 1997ರಲ್ಲಿ ಬಾಗೇಪಲ್ಲಿ ಕಡೆ ಮೊದಲು ಕಂಡ ನೆಕ್ರೋಸಿಸ್ ವೈರಸ್ ಒಳ್ಳೊಳ್ಳೆಯ ಹೈಬ್ರಿಡ್ ಹೊಲಗಳನ್ನೇ ಸುಟ್ಟಂತೆ ಮಾಡಿತು. ಅದು ಪಾರ್ಥೇನಿಯಂ ಕಳೆಯ ಪರಾಗದಿಂದ ಹರಡುತ್ತದೆ, ಆ ಪರಾಗವನ್ನು ಥ್ರಿಪ್ಸ್ ನುಶಿಗಳು ಒಯ್ಯುತ್ತವೆ. ಬದುವಿನ ಕಳೆ ಹೂ ಬಿಡುವ ಮೊದಲೇ ಕೀಳಿ.

ನನ್ನನ್ನು ಕಾಡುವುದು ಇನ್ನೊಂದು. ಜಗತ್ತಿನ ಬಹುಪಾಲು ಸೂರ್ಯಕಾಂತಿ ಹೈಬ್ರಿಡ್‌ಗಳ ತಾಯಿ ಕಡೆಯ ಮೈಟೊಕಾಂಡ್ರಿಯಾ ಇವತ್ತಿಗೂ ಲೆಕ್ಲೆರ್ಕ್ ಅವರ ಆ ಒಂದೇ ಮೂಲದ್ದು. 1970ರಲ್ಲಿ ಅಮೆರಿಕದ ಮೆಕ್ಕೆಜೋಳ ಹೀಗೆಯೇ ಒಂದೇ ಬಂಜೆ ಮೂಲದ ಮೇಲೆ ನಿಂತಿತ್ತು. ಅದನ್ನೇ ಹಿಡಿಯುವ ಎಲೆ ಅಂಗಮಾರಿ ಬಂದು ಬೆಳೆ ಹಾಳಾಯಿತು. ಸೂರ್ಯಕಾಂತಿಯಲ್ಲಿ ಬೇರೆ ಕಾಡು ಜಾತಿಗಳಿಂದಲೂ ಬಂಜೆ ಮೂಲಗಳು ಸಿಕ್ಕಿವೆ. ಅವಕ್ಕೆ ಹೊಂದುವ, ಪರಾಗ ಮರಳಿಸುವ ಒಳ್ಳೆಯ ಗಂಡು ಸಾಲುಗಳು ಇನ್ನೂ ಸಾಲದು. ಸರ್ಕಾರಿ ತಳಿ ಕೇಂದ್ರಗಳು ಈ ಕೆಲಸಕ್ಕೆ ದುಡ್ಡು ಮತ್ತು ಜನ ಎರಡನ್ನೂ ಕೊಡಬೇಕು.

ಎರಿ ಹೊಲ
ಧನ್ಯವಾದ ಮೇಡಂ, ಧನ್ಯವಾದ ಅಣ್ಣಾ. ಕಾಕಾ ಅವರಿಗೆ ಇದನ್ನು ಓದಿ ಹೇಳಿದೆ. ಬರುವ ವರ್ಷ ಅರ್ಧ ಎಕರೆಯಲ್ಲಿ ಹೊಸ ಹೈಬ್ರಿಡ್, ಅರ್ಧ ಎಕರೆಯಲ್ಲಿ ಮನೆಯ ಬೀಜ ಹಾಕಿ ತೂಗಿ ನೋಡೋಣ ಎನ್ನುತ್ತಿದ್ದಾರೆ. ನಡುವೆ ಎಷ್ಟು ಅಂತರ ಬಿಡಬೇಕು?

ಪರಾಗ
ಬರೀ ಇಳುವರಿ ಹೋಲಿಸಲು ಅಂತರ ಬೇಕಿಲ್ಲ. ಪಕ್ಕಪಕ್ಕದಲ್ಲೇ, ಒಂದೇ ಮಣ್ಣಿನಲ್ಲಿ, ಒಂದೇ ದಿನ ಬಿತ್ತಿ. ಗೊಬ್ಬರವೂ ಒಂದೇ ಇರಲಿ. ಹೊಸ ಹೈಬ್ರಿಡ್‌ನ ಪರಾಗ ಪಕ್ಕದಲ್ಲಿದ್ದರೆ ಮನೆ ಬೀಜದ ಬಂಜೆ ಗಿಡಗಳಿಗೂ ಕಾಳು ಕಟ್ಟುತ್ತದೆ, ಅದರಿಂದ ವ್ಯತ್ಯಾಸ ಸ್ವಲ್ಪ ಕಡಿಮೆ ಕಾಣಬಹುದು. ಅದನ್ನು ಮನಸ್ಸಿನಲ್ಲಿಟ್ಟು ತೂಗಿ. ಒಂದೇ ಕಡೆ ಅರ್ಧರ್ಧ ಎಕರೆ ಹಾಕುವ ಬದಲು ಪಟ್ಟಿಪಟ್ಟಿಯಾಗಿ ನಾಲ್ಕೈದು ಕಡೆ ಹಾಕಿದರೆ ಮಣ್ಣಿನ ಹೆಚ್ಚುಕಡಿಮೆ ಸರಿಹೋಗುತ್ತದೆ. ತೂಕ ಬಂದ ಮೇಲೆ ಇಲ್ಲಿ ಹಾಕಿ, ಜೊಳ್ಳು ಬೇರೆ ಮಾಡಿ ತೂಗುವುದನ್ನು ಮರೆಯಬೇಡಿ.